ಕುದುರೆಯೇರಿ ಬಂದವನ ಊರಿನಲ್ಲಿ

ಸಾಗರದಿಂದ ಆನಂದಪುರ, ರಿಪ್ಪನ್‌ಪೇಟೆಗಳ ಮಾರ್ಗವಾಗಿ ಹುಂಚಕ್ಕೆ ಹೋಗುವ ರಸ್ತೆ ನಮಗೆ ಹೊಸದಲ್ಲ. ಬಂಧುಗಳ ಮನೆಯ ಮದುವೆ, ಗೃಹಪ್ರವೇಶಗಳ ನಿಮಿತ್ತ ಆ ಕಡೆಗೆ ಹತ್ತಾರು ಬಾರಿ ಹೋಗಿಬಂದಿದ್ದೇವೆ. ಆದರೆ ಊಟದ ಎಲೆಯ ಮುಂದೆ ಕುಳಿತು ಎದ್ದು ಬರುವ ಅವಸರದಲ್ಲಿ ಆ ಪುರಾತನ ಕ್ಷೇತ್ರವನ್ನು ಸಾವಧಾನದಿಂದ ನೋಡುವ ಯೋಗ ಒದಗಿರಲಿಲ್ಲ. ಕಳೆದ ಮಾಘಮಾಸದಲ್ಲಿ ಅದು ಒದಗಿತು. ಒದಗಿದ ಬಗೆ ಮಾತ್ರ ಸ್ವಲ್ಪ ವಿಚಿತ್ರ. ಆನಂದಪುರ ದಾಟುವ ಹೊತ್ತಿಗೆ ಕಾರಿನಲ್ಲಿ ತಾಯಿ ಮಗಳ ನಡುವೆ ಮಾತು ನಿಂತುಹೋಗಿತ್ತು. ಮದುವೆಮನೆಗೆ ಮುಖ ಸಿಂಡರಿಸಿಕೊಂಡು ಹೋಗುವುದು ಬೇಡವೆಂದು, ಮುಹೂರ್ತಕ್ಕೆ ಇನ್ನೂ ಮೂರು ಗಂಟೆಯ ಅವಕಾಶವಿದ್ದುದರಿಂದ, ಕಾರನ್ನು ಬಸದಿಯ ಕಡೆಗೆ ತಿರುಗಿಸಿದೆವು.

ಮಾತು ನಿಂತುದಕ್ಕೆ ಕಾರಣ ಒಂದು ಕುದುರೆ ಸವಾರಿ. ಅದೂ ಪರದೇಶದಲ್ಲಿ.

ನಮ್ಮ ಅಣ್ಣನ ಮಗ ಕಿರ್ಗಿಜ್‌ಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ಕರ್ನಾಟಕದ ಅನೇಕ ಮನೆಗಳ ಮಕ್ಕಳು ಅಲ್ಲಿದ್ದಾರೆಂಬುದು ಓದುಗರಿಗೆ ತಿಳಿದ ವಿಷಯವೇ. 2024ರ ಮೇ ತಿಂಗಳಿನಲ್ಲಿ ಆ ನಗರದಲ್ಲಿ ವಿದೇಶಿ ವಿದ್ಯಾರ್ಥಿಗಳ ಮೇಲೆ ಗುಂಪುದಾಳಿ ನಡೆದಾಗ ನಮ್ಮ ಮನೆಯಲ್ಲಿಯೂ ಎರಡು ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ. ದೇವರ ದಯೆಯಿಂದ ಹುಡುಗ ಕ್ಷೇಮವಾಗಿದ್ದ. ಈಗ ಅವನು ಕೊನೆಯ ವರ್ಷದಲ್ಲಿದ್ದಾನೆ. ‘ನಾನು ಊರಿಗೆ ಮರಳುವ ಮೊದಲು ಒಮ್ಮೆ ಬನ್ನಿ ಚಿಕ್ಕಪ್ಪ, ಸೋಂಗ್‌ಕೋಲ್ ಸರೋವರವನ್ನು ತೋರಿಸುತ್ತೇನೆ, ಅಲ್ಲಿಗೆ ಕುದುರೆಯ ಮೇಲೆಯೇ ಹೋಗಬೇಕು’ ಎಂದು ಅವನು ಬರೆದದ್ದೇ ತಡ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು ರಜೆಗೆ ಅರ್ಜಿ ಹಾಕಿಬಿಟ್ಟಳು. ನಮ್ಮ ಶ್ರೀಮತಿಯವರು ಕೇಳಿದ ಕ್ಷಣದಲ್ಲಿಯೇ ಆಗದು ಎಂದರು.

ಆಗದು ಎನ್ನಲು ಅವರಿಗೆ ಕಾರಣವಿತ್ತು. ಮಗಳು ಒಂಬತ್ತು ವರ್ಷದವಳಿದ್ದಾಗ ಒಂದು ಗಿರಿಧಾಮದಲ್ಲಿ ಬಾಡಿಗೆಯ ಕುದುರೆಯ ಮೇಲೆ ಅವಳನ್ನು ಕೂರಿಸಿದ್ದೆವು. ದೊಡ್ಡವರ ಅಳತೆಯ ರಿಕಾಪು. ಮಗುವಿನ ಕಾಲು ಚಪ್ಪಲಿ ಸಮೇತ ಅದರೊಳಗೆ ತೂರಿಹೋಗಿತ್ತು. ಮೋಟಾರಿನ ಸದ್ದಿಗೆ ಕುದುರೆ ಬೆದರಿತು, ಮಗು ಜಾರಿತು, ಕಾಲು ಮಾತ್ರ ಕಬ್ಬಿಣದಿಂದ ಬಿಡಿಸಿಕೊಳ್ಳಲಿಲ್ಲ. ಹತ್ತಿಪ್ಪತ್ತು ಗಜ ದೂರ ಅವಳನ್ನು ನೆಲದ ಮೇಲೆ ಎಳೆದೊಯ್ದಿತು. ಮೊಣಕೈ ಮುರಿಯಿತು; ತಲೆಗೆ ಏನೂ ಆಗದಿದ್ದುದು ಅವಳ ಆಯುಸ್ಸು. ಅಷ್ಟು ಹೊತ್ತಿಗೆ ನಾವು ಛಾಯಾಚಿತ್ರ ತೆಗೆಯುವುದರಲ್ಲಿ ಮಗ್ನರಾಗಿದ್ದೆವು. ತಪ್ಪು ನಮ್ಮದೇ. ಆ ಚಿತ್ರ ಇಂದಿಗೂ ಆಲ್ಬಮ್ಮಿನಲ್ಲಿದೆ, ಯಾರೂ ಅದನ್ನು ಕಿತ್ತಿಲ್ಲ, ಯಾರೂ ಆ ಪುಟವನ್ನು ತೆರೆಯುವುದೂ ಇಲ್ಲ.

ಇಷ್ಟು ಪೀಠಿಕೆ ಸಾಕು. ಹುಂಚಕ್ಕೆ ಬರೋಣ.

ಶಾಸನಗಳಲ್ಲಿ ಪೊಂಬುರ್ಚ ಎಂದು ಕರೆಸಿಕೊಂಡ, ಇಂದು ಭಕ್ತರು ಹೊಂಬುಜವೆನ್ನುವ ಈ ಊರು ಹೊಸನಗರ ತಾಲ್ಲೂಕಿನಲ್ಲಿದೆ. ಮಲೆನಾಡಿನ ಬಹುಭಾಗವನ್ನು ಆಳಿದ ಸಾಂತರರ ರಾಜಧಾನಿ ಇದು. ಅಡಿಕೆ ತೋಟ, ಗದ್ದೆಬಯಲು, ಬೆಟ್ಟದ ಸೆರಗುಗಳ ನಡುವೆ ಬಸದಿಗಳು ಹರಡಿಕೊಂಡಿವೆ. ಇಲ್ಲಿಯೇ ಸಮೀಪದ ಬಿಲ್ಲೇಶ್ವರದ ಬಳಿ ಕುಮುದ್ವತಿ ನದಿ ಹುಟ್ಟುತ್ತದೆ. ಮೊದಲು ಪಂಚಕೂಟ ಬಸದಿಗೆ ಹೋದೆವು. ಮುಂದೆ ಮಾನಸ್ತಂಭ, ಒಳಗೆ ಸಾಲಾಗಿ ಐದು ಗರ್ಭಗೃಹಗಳು. ‘ಉರ್ವೀತಿಲಕ’ ಎಂಬ ಹೆಸರು ಹೊತ್ತ ಈ ಕಟ್ಟಡವನ್ನು 1077ರಲ್ಲಿ ಕಟ್ಟಿಸಿದವಳು ಚಟ್ಟಲದೇವಿ. ತಂಗಿಯ ಮಕ್ಕಳನ್ನು ಸ್ವಂತ ತಾಯಿಯಂತೆ ಸಾಕಿ ಬೆಳೆಸಿದ ರಾಜಸ್ತ್ರೀ ಅವಳು. ಅದನ್ನು ತಿಳಿದ ಮೇಲೆ ನಮ್ಮ ಶ್ರೀಮತಿಯವರು ಬಸದಿಯ ಕಂಬಗಳ ನಡುವೆ ಬಹಳ ಹೊತ್ತು ನಿಂತರು. ಆ ಹುಡುಗರೂ ಕುದುರೆ ಏರಿ ಯುದ್ಧಕ್ಕೆ ಹೋದವರೇ ಇರಬೇಕು. ಕಳಿಸಿ ಕಾಯುತ್ತ ಕುಳಿತವಳು ಅವಳೇ ಇರಬೇಕು. ಇದು ನಮ್ಮ ಊಹೆಯಷ್ಟೆ, ಶಾಸನದ ಮಾತಲ್ಲ.

ಪದ್ಮಾವತಿ ಅಮ್ಮನವರ ಗುಡಿಯ ಹಿಂಬದಿಗೆ ಲಕ್ಕಿಯ ಮರವಿದೆ. ಕ್ಷೇತ್ರದ ಕಥೆ ಅಲ್ಲಿಂದಲೇ ಆರಂಭ. ಉತ್ತರ ಮಧುರೆಯ ರಾಜಕುಮಾರ ಜಿನದತ್ತರಾಯನ ತಂದೆ ಬೇರೊಬ್ಬ ಹೆಣ್ಣಿನ ಮೋಹಕ್ಕೆ ಸಿಕ್ಕಿ, ಆಕೆಯ ಮಗನಿಗೆ ಪಟ್ಟ ಸಿಗಬೇಕೆಂದು ಹಿರಿಯ ಮಗನ ಪ್ರಾಣಕ್ಕೇ ಸಂಚು ಹೂಡಿದ. ತಾಯಿ ಮತ್ತು ಗುರುಗಳು ಹುಡುಗನಿಗೆ ಒಂದು ಕುದುರೆಯನ್ನೂ ಪದ್ಮಾವತಿಯ ಹೊನ್ನಿನ ಮೂರ್ತಿಯನ್ನೂ ಕೊಟ್ಟು ದಕ್ಷಿಣಕ್ಕೆ ಹೊರಡು ಎಂದರು. ಬೆನ್ನಿಗೆ ದೇವಿಯನ್ನು ಕಟ್ಟಿಕೊಂಡು ಅವನು ಹೊರಟ. ಬಳಲಿ ಬಂದು ಈ ಲಕ್ಕಿ ಗಿಡದ ಬುಡದಲ್ಲಿ ಮೂರ್ತಿಯನ್ನಿಳಿಸಿ ಮಲಗಿದಾಗ ಕನಸಿನಲ್ಲಿ ದೇವಿ ಇಲ್ಲಿಯೇ ರಾಜ್ಯ ಕಟ್ಟು ಎಂದಳಂತೆ. ಅವಳ ಪಾದಕ್ಕೆ ಸೋಕಿದ ಕಬ್ಬಿಣ ಚಿನ್ನವಾಗುತ್ತಿತ್ತು, ಆ ಹೊನ್ನಿನಿಂದಲೇ ಊರಿಗೆ ಹೆಸರು ಬಂದಿತು ಎಂಬುದು ಸ್ಥಳಪುರಾಣ. ಮುತ್ತಿನಕೆರೆ ಬತ್ತುವುದಿಲ್ಲ, ಲಕ್ಕಿಯ ಮರ ಬಾಡುವುದಿಲ್ಲ ಎಂದು ಭಕ್ತರು ನಂಬುತ್ತಾರೆ. ದೇವಿಯ ಬಲಗಡೆಯಿಂದ ಹೂ ಬಿದ್ದರೆ ಕೇಳಿದ ಕಾರ್ಯ ಕೈಗೂಡಿತೆಂಬ ನಂಬಿಕೆಯೂ ಇದೆ. ನಮ್ಮ ಪಕ್ಕದಲ್ಲಿ ದೂರದಿಂದ ಬಂದ ಒಂದು ಸಂಸಾರ ಹೂವಿಗಾಗಿ ಕೈಮುಗಿದು ಕಾದಿತ್ತು. ಹಾಗೆ ಕೇಳುವ ಪದ್ಧತಿ ನಮ್ಮ ಮನೆಯದಲ್ಲ. ಆದರೂ ಹೂ ಬಿದ್ದಾಗ ಅವರ ಮುಖ ಅರಳಿದುದನ್ನು ಕಂಡು ನಮಗೂ ಸಂತೋಷವಾಯಿತು.

ಹೊರಗೆ ಬಂದು ಕೆರೆಯ ಏರಿಯ ಮೇಲೆ ಕುಳಿತಾಗ ಮಗಳು ಕೇಳಿದ ಪ್ರಶ್ನೆ ಇದು: ‘ಅಪ್ಪಾಜಿ, ಮುಟ್ಟಿಸಲು ಅವನ ಬಳಿ ಕಬ್ಬಿಣ ಏನಿತ್ತು?’

ಒಳ್ಳೆಯ ಪ್ರಶ್ನೆಯೇ. ಪ್ರಾಣ ಉಳಿಸಿಕೊಂಡು ಓಡಿಬಂದವನ ಕೈಯಲ್ಲಿ ಕತ್ತಿ ಇದ್ದೀತು. ಉಳಿದದ್ದೆಲ್ಲ ಕುದುರೆಯ ಮೈಮೇಲಿನದು: ಬಾಯಲ್ಲಿ ಕಡಿವಾಣ, ಜೀನಿನ ಕೊಕ್ಕೆಗಳು, ಪಾದಕ್ಕೆ ರಿಕಾಪು. ರಿಕಾಪು ಎಂದೊಡನೆ ಮೂವರೂ ಒಮ್ಮೆ ಸುಮ್ಮನಾದೆವು. ಬೆಳಗಿನಿಂದ ಮಾತಾಡದಿದ್ದ ಶ್ರೀಮತಿಯವರೇ ಮೊದಲು ಬಾಯಿಬಿಟ್ಟರು: ‘ಅವನ ತಾಯಿ ಕುದುರೆ ಕೊಟ್ಟು ಕಳಿಸಿದಳು, ಕೈಯಾರೆ. ಹಾಗೆ ಕಳಿಸುವ ಮುಂಚೆ ಏನೆಲ್ಲ ನೋಡಿದ್ದಳೋ ಕಥೆ ಹೇಳುವವರು ಹೇಳುವುದಿಲ್ಲ. ನೀನು ಏನು ನೋಡಿದ್ದೀಯೆ, ಹೇಳು.’

ಮಗಳ ಬಳಿ ಉತ್ತರವಿರಲಿಲ್ಲ. ವಿಮಾನದ ದರ, ಸರೋವರದ ಚಿತ್ರಗಳು, ರಜೆಯ ದಿನಗಳು, ಇಷ್ಟೇ ಅವಳು ನೋಡಿದ್ದು. ಕುದುರೆಯನ್ನು ಕುರಿತು ಅವಳೂ ಯೋಚಿಸಿರಲಿಲ್ಲ, ನಾವೂ ಯೋಚಿಸಿರಲಿಲ್ಲ.

ಕುಳಿತಲ್ಲಿಯೇ ಲೆಕ್ಕ ಹಾಕಿದೆವು. ಮಧುರೆಯಿಂದ ಹುಂಚಕ್ಕೆ ನೇರ ಗೆರೆ ಎಳೆದರೂ ಸುಮಾರು 1,500 ಕಿಲೋಮೀಟರ್. ಒಂದೇ ಕುದುರೆಯನ್ನು ನೆಚ್ಚಿದವನು ದಿನಕ್ಕೆ 30 ಕಿಲೋಮೀಟರಿಗಿಂತ ಹೆಚ್ಚು ನಡೆಸಿದರೆ ಅದು ಬಹುಕಾಲ ಬಾಳುವುದಿಲ್ಲ. ನೇರ ಗೆರೆಯಲ್ಲಿ ಬಂದರೇ 50 ದಿನ. ನದಿಗಳನ್ನೂ ಬೆಟ್ಟಗಳನ್ನೂ ಬಳಸಿ ಬಂದರೆ ಎರಡು ತಿಂಗಳಿಗೂ ಮಿಗಿಲು. ಪುರಾಣ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಪಯಣದಲ್ಲಿ ಪ್ರತಿ ಸಂಜೆ ಹುಲ್ಲು, ನೀರು, ಹುರುಳಿ ಹುಡುಕುವ ಚಿಂತೆಯಿತ್ತು. ಮೂರ್ತಿ ಹೊತ್ತವನ ಭಾರವನ್ನು ಹೊತ್ತದ್ದು ಕುದುರೆ.

ಆ ಕುದುರೆ ಈ ಮಳೆನಾಡಿಗೆ ಬಂದು ಎಷ್ಟು ದಿನ ಬದುಕಿತೋ! ನಮ್ಮ ಸೀಮೆ ಕುದುರೆಗೆ ಹೇಳಿಸಿದ್ದಲ್ಲ. ದಕ್ಷಿಣದ ಅರಸರೆಲ್ಲ ಅರಬ್ಬೀ ದೇಶಗಳಿಂದ, ಹಾರ್ಮುಜ್‌ನಿಂದ ಹಡಗುಗಳಲ್ಲಿ ಕುದುರೆ ತರಿಸಬೇಕಾಯಿತು. ತಮಿಳು ಕರಾವಳಿಯ ಕುದುರೆಗಳಿಗೆ ಅನ್ನ ಬೇಯಿಸಿ ಮಾಂಸದೊಡನೆ ತಿನ್ನಿಸುತ್ತಾರೆ, ಲಾಳ ಹೊಡೆಯುವವರೂ ಇಲ್ಲ, ವರ್ಷ ಕಳೆಯುವುದರೊಳಗೆ ಬಹುಪಾಲು ಸಾಯುತ್ತವೆ ಎಂದು 13ನೆಯ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ ಬೆರಗಾಗಿ ಬರೆದ. ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹೇಳುವ ಸಂಗತಿ ಇನ್ನೂ ಸೋಜಿಗದ್ದು: ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಅಂಥ ಹಡಗುಗಳು ಬಂದು ತಂಗುತ್ತಿದ್ದ ಭಟ್ಕಳ ನಮ್ಮ ಘಟ್ಟದ ಕೆಳಗಣ ಬಂದರು. ಮುಂದೆ ಕೆಳದಿಯ ಅರಸರ ಕಾಲಕ್ಕೆ ಆ ಕರಾವಳಿಯ ದಾರಿಗಳೆಲ್ಲ ಇಕ್ಕೇರಿಗೂ ಬಿದನೂರಿಗೂ ಏರಿಬರುತ್ತಿದ್ದವು. 1709ರಲ್ಲಿ ಪೂರ್ಣಗೊಂಡ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ಮಹಾಗ್ರಂಥದಲ್ಲಿ ಕೆಳದಿಯ ಬಸವಪ್ಪ ನಾಯಕನು ಕುದುರೆಗಳ ವಿಷಯಕ್ಕೂ ಜಾಗ ಕೊಟ್ಟಿದ್ದಾನೆ. ಅಷ್ಟು ಬೆಲೆಯ ಪ್ರಾಣಿಯನ್ನು ತಿಳಿಯದೆ ಸಾಕುವುದು ಅರಸರಿಗೂ ಎಟುಕದ ಮಾತು.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ, ಬಳಿಕ ಘಟ್ಟವೇರಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನನ್ನು ಕಂಡ. ಅವನಿಗೆ ಪರದೇಶವೆಂದರೆ ನಮ್ಮ ಸಾಗರದ ಸೀಮೆ! ಅವನ ಮನೆಯಲ್ಲಿಯೂ ಯಾರೋ ಆಗದು ಎಂದಿರಬಹುದು. ಇನ್ನು, ಜಿನದತ್ತನಂತೆಯೇ ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಈ ನಾಡಿಗೆ ಬಂದ ಮತ್ತೊಬ್ಬ ರಾಜಕುಮಾರನನ್ನು ಓದುಗರು ಬಲ್ಲರು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಜಿಂಜಿಯ ದಾರಿ ಹಿಡಿದಾಗ ಕೆಳದಿಯ ಚೆನ್ನಮ್ಮಾಜಿ ಔರಂಗಜೇಬನ ಕೋಪಕ್ಕೆ ಹೆದರದೆ ಅವನಿಗೆ ಆಶ್ರಯ ಕೊಟ್ಟಳು. ಅವನೂ ಅವನ ಸಂಗಡಿಗರೂ ಲಿಂಗಾಯತ ಯಾತ್ರಿಕರ ವೇಷದಲ್ಲಿ ಸಾಗಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಮೈಮೇಲೆ ಲಿಂಗ ಧರಿಸಿದ ಪಯಣಿಗರು ಊರಿಂದೂರಿಗೆ ನಡೆಯುವುದು ಆ ಕಾಲಕ್ಕೆ ಅಷ್ಟು ಸಹಜವಾಗಿದ್ದುದರಿಂದಲೇ ಆ ವೇಷ ಫಲಿಸಿರಬೇಕು.

ಮದುವೆಯ ಊಟ ಮುಗಿಸಿ ಹಿಂದಿರುಗುವಾಗ ತಾಯಿ ಮಗಳು ಮಾತಾಡುತ್ತಿದ್ದರು. ಶ್ರೀಮತಿಯವರ ಷರತ್ತು ಒಂದೇ: ಹೋಗುವುದಾದರೆ ಕುದುರೆಯ ಕಡೆಯಿಂದ ಲೆಕ್ಕ ಆರಂಭವಾಗಬೇಕು.

ಆ ಲೆಕ್ಕಕ್ಕೆ ಎರಡು ತಿಂಗಳು ಹಿಡಿಯಿತು. ಕುದುರೆ ತನ್ನ ನೆಲದಲ್ಲಿಯೇ ಇರುವ ದೇಶಕ್ಕೆ ಹೋಗುವುದು ಸರಿ ಎಂಬುದು ಮೊದಲು ಸ್ಪಷ್ಟವಾಯಿತು. ಮಂಗೋಲಿಯಾದಲ್ಲಿ ಜನರಿಗಿಂತ ಕುದುರೆಗಳೇ ಹೆಚ್ಚು. ಐಸ್‌ಲ್ಯಾಂಡಿನವರು ತಮ್ಮ ತಳಿಯನ್ನು ಕಾಪಾಡಲು ಹೊರಗಿನ ಕುದುರೆಯನ್ನು ಒಳಗೆ ಬಿಡುವುದೇ ಇಲ್ಲ. ಒಮ್ಮೆ ಹೊರದೇಶಕ್ಕೆ ಹೋದ ತಮ್ಮದೇ ಕುದುರೆಯೂ ಮರಳುವಂತಿಲ್ಲ. ಪ್ರವಾಸಿಗರು ಬಳಸಿದ ಜೀನು ಲಗಾಮುಗಳಿಗೂ ಪ್ರವೇಶವಿಲ್ಲ. ಆ ಶಿಸ್ತು ನಮಗೆ ಮೆಚ್ಚುಗೆಯಾಯಿತು, ಅಲ್ಲಿಯ ಖರ್ಚು ಆಗಲಿಲ್ಲ. ಕಿರ್ಗಿಜ್‌ಸ್ತಾನದಲ್ಲಿ ಮನೆಯ ಹುಡುಗನಿದ್ದಾನೆ, ಖರ್ಚೂ ಮಿತ.

ಸೋಂಗ್‌ಕೋಲ್ ಸರೋವರ 3,016 ಮೀಟರ್ ಎತ್ತರದಲ್ಲಿದೆ. ನಮ್ಮ ಕೊಡಚಾದ್ರಿ 1,343 ಮೀಟರ್, ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್; ಅವುಗಳನ್ನು ನೆನೆದರೆ ಆ ಎತ್ತರ ಎಂಥದೆಂದು ತಿಳಿದೀತು. ಚಳಿಗಾಲದಲ್ಲಿ ಅಲ್ಲಿ ಮನುಷ್ಯರಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಚಿಗುರಿದಾಗ ದನಗಾಹಿಗಳು ಕುರಿ, ಕುದುರೆಗಳೊಡನೆ ಮೇಲೇರಿ, ಉಣ್ಣೆಯ ಕಂಬಳಿ ಹೊದಿಸಿದ ದುಂಡು ಗುಡಾರಗಳಲ್ಲಿ ವಾಸಿಸುತ್ತಾರೆ. ಆ ಮೇವಿನ ನೆಲಕ್ಕೆ ಅವರ ಭಾಷೆಯಲ್ಲಿ ‘ಜೈಲೂ’ ಎಂದು ಹೆಸರು. ಬೇಸಗೆಯಲ್ಲಿಯೂ ಹಿಮ ಬೀಳುವುದುಂಟು. ಬಿಷ್ಕೆಕ್ ನಗರ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ, ಒಂದೇ ದಿನದಲ್ಲಿ ಸರೋವರಕ್ಕೇರಿದರೆ ತಲೆನೋವು, ವಾಕರಿಕೆ, ಉಸಿರಿನ ತೊಂದರೆ ಬರಬಹುದು. ಆದ್ದರಿಂದ ನಡುವಿನ ಎತ್ತರದ ಕೋಚ್‌ಕೋರ್ ಪಟ್ಟಣದಲ್ಲಿ ಎರಡು ರಾತ್ರಿ ತಂಗಿ, ಅಲ್ಲಿಂದ ಕಿಜಾರ್ಟ್ ಹಳ್ಳಿಗೆ ಹೋಗಿ ಕುದುರೆ ಏರುವುದೆಂದು ನಿಶ್ಚಯಿಸಿದೆವು. ಸವಾರಿ ಮೂರು ದಿನ, ದಿನಕ್ಕೆ ನಾಲ್ಕೈದು ಗಂಟೆ.

ಇನ್ನು ಭಾರದ ವಿಚಾರ. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ತಿಳಿದವರು ಸಾಮಾನ್ಯವಾಗಿ ಪಾಲಿಸುವ ಮಿತಿ. ಅಲ್ಲಿಯ ಬೆಟ್ಟದ ಕುದುರೆ ಗಿಡ್ಡ ಜಾತಿಯದು. 400 ಕಿಲೋ ಎಂದಿಟ್ಟುಕೊಂಡರೂ 80 ಕಿಲೋ ಹೊರೆ. ಜೀನಿಗೆ 10 ಕಿಲೋ ಕಳೆದರೆ ಸವಾರನ ಪಾಲಿಗೆ 70. ಮಗಳು 54 ಕಿಲೋ, ಅಣ್ಣನ ಮಗ 66, ಇಬ್ಬರೂ ಪಾರಾದರು. ನಾವು 84! ಹೆಚ್ಚು ತೂಕದವರನ್ನೂ ಅಲ್ಲಿ ಕೂರಿಸುತ್ತಾರೆ, ಯಾರೂ ತಕ್ಕಡಿ ಹಿಡಿದು ನಿಂತಿರುವುದಿಲ್ಲ ಎಂದು ಹುಡುಗ ಸಮಾಧಾನ ಹೇಳಿದ. ಕುದುರೆ ಬಾಯಿಬಿಟ್ಟು ಹೇಳಲಾರದು ಎಂಬುದಕ್ಕೆ ತಾನೆ ಈ ಲೆಕ್ಕ ಇರುವುದು? ನಾವಿಬ್ಬರೂ ಜೀಪಿನ ದಾರಿಯಲ್ಲಿ ಸರೋವರ ಸೇರಿ, ಮಕ್ಕಳು ಕಣಿವೆ ಇಳಿದು ಬರುವುದನ್ನು ಕಾಯುವುದೆಂದು ತೀರ್ಮಾನವಾಯಿತು. ಸ್ವಲ್ಪ ಬೇಸರವೇನೋ ಆಯಿತು, ಸುಳ್ಳು ಹೇಳುವುದೇಕೆ.

ತಲೆಯ ಹೆಲ್ಮೆಟ್ಟನ್ನು ಇಲ್ಲಿಂದಲೇ ಒಯ್ಯಬೇಕು, ಅಲ್ಲಿಯ ಹಳ್ಳಿಗಳಲ್ಲಿ ಸಿಗುತ್ತದೆಂದು ನೆಚ್ಚುವಂತಿಲ್ಲ. ಪಾದರಕ್ಷೆಗೆ ಅಂಗುಲದಷ್ಟು ಹಿಮ್ಮಡಿ ಇರಬೇಕು, ಅಟ್ಟೆ ನುಣುಪಾಗಿರಬೇಕು. ಹಾಗಿದ್ದರೆ ಕಾಲು ರಿಕಾಪಿನೊಳಗೆ ತೂರಿಹೋಗುವುದಿಲ್ಲ, ಬಿದ್ದರೂ ಜಾರಿ ಬಿಡಿಸಿಕೊಳ್ಳುತ್ತದೆ. ಪಾದದ ಮುಂಭಾಗ ಮಾತ್ರ ರಿಕಾಪಿನ ಮೇಲೆ, ಹಿಮ್ಮಡಿ ಕೆಳಗೆ. ಹದಿನಾರು ವರ್ಷಗಳ ಹಿಂದೆ ಇದೊಂದು ಮಾತು ನಮಗೆ ತಿಳಿದಿದ್ದರೆ! ಪ್ರವಾಸ ವಿಮೆಯ ಕಾಗದವನ್ನು ಶ್ರೀಮತಿಯವರೇ ಕನ್ನಡಕ ಹಾಕಿಕೊಂಡು ಸಣ್ಣಕ್ಷರವನ್ನೆಲ್ಲ ಓದಿದರು. ನಾವು ಮೊದಲು ಕೊಳ್ಳಲಿದ್ದ ಪಾಲಿಸಿಯಲ್ಲಿ ಕುದುರೆ ಸವಾರಿಗೂ ಎತ್ತರದ ಪ್ರದೇಶಕ್ಕೂ ರಕ್ಷಣೆ ಇರಲಿಲ್ಲ. ಹೆಚ್ಚಿನ ಕಂತು ಕಟ್ಟಿ ಎರಡನ್ನೂ ಸೇರಿಸಿದ ಬೇರೊಂದನ್ನು ಕೊಂಡೆವು. ಇಂಥ ಯೋಚನೆಯಿರುವ ಮನೆಯವರು ಈ ಎರಡು ಅಂಶಗಳನ್ನು ತಪ್ಪದೆ ಕೇಳಬೇಕು.

ಮಗಳು ವಾರಾಂತ್ಯಗಳಲ್ಲಿ ಸವಾರಿ ಕಲಿಯತೊಡಗಿದಳು. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದವರು ಮಕ್ಕಳಿಗೆ ಬೇಸಗೆ ಶಿಬಿರಗಳನ್ನು ನಡೆಸುತ್ತ ಬಂದಿರುವುದು ಪ್ರಸಿದ್ಧ. ಇವಳು ಬೆಂಗಳೂರಿನ ಹೊರವಲಯದ ಒಂದು ಶಾಲೆಗೆ ಹೋದಳು. ಮೊದಲ ದಿನ ಕುದುರೆ ಏರಿಸಲೇ ಇಲ್ಲ. ಮೈ ಉಜ್ಜುವುದು, ಗೊರಸು ಕೆರೆದು ಕಲ್ಲು ತೆಗೆಯುವುದು, ಜೀನಿನ ಪಟ್ಟಿ ಬಿಗಿದಿದೆಯೇ ಎಂದು ಬೆರಳಿಟ್ಟು ನೋಡುವುದು, ಇಷ್ಟೇ ಪಾಠ. ಎರಡನೆಯ ವಾರ ಹತ್ತಿದಳು. ಕುಕ್ಕುತ್ತ ಓಡುವ ಟ್ರಾಟ್ ನಡಿಗೆಗೆ ಸೊಂಟ ನೋಯಿಸಿಕೊಂಡು ಬಂದು, ಮುರಿದು ಕೂಡಿದ ಮೊಣಕೈ ಲಗಾಮು ಹಿಡಿಯಲು ಒಗ್ಗಿತೆಂದು ದೂರವಾಣಿಯಲ್ಲಿ ತಾಯಿಗೆ ಹೇಳಿದಳು.

ಊಟದ ಸಮಸ್ಯೆ ನಮ್ಮಂಥ ಮನೆಗಳಿಗೆ ಸಣ್ಣದಲ್ಲ. ಅಲ್ಲಿ ಕುರಿಯ ಮಾಂಸ, ಕುದುರೆಯ ಮಾಂಸ ನಿತ್ಯದ ಆಹಾರ. ಹೆಣ್ಣುಕುದುರೆಯ ಹಾಲನ್ನು ಹುಳಿಸಿದ ಕುಮಿಸ್ ಅತಿಥಿ ಸತ್ಕಾರದ ಪಾನೀಯ, ಅದರಲ್ಲಿ ಸ್ವಲ್ಪ ಮದ್ಯದಂಶವೂ ಉಂಟು. ಬೇಡವೆಂದರೆ ಬೇಸರಿಸಿಕೊಳ್ಳುವುದಿಲ್ಲ, ಬಟ್ಟಲನ್ನು ಎರಡೂ ಕೈಯಿಂದ ಮುಟ್ಟಿ ನಮಸ್ಕರಿಸಿ ಹಿಂದಿರುಗಿಸಿದರೆ ಸಾಕು, ನಾನು ಹಾಗೆಯೇ ಮಾಡುತ್ತ ಬಂದಿದ್ದೇನೆ ಎಂದು ಹುಡುಗ ಬರೆದಿದ್ದಾನೆ. ರೊಟ್ಟಿ, ಕೆನೆ, ಹಣ್ಣಿನ ಪಾಕ, ಚಹಾ ಎಲ್ಲೆಡೆ ಸಿಗುತ್ತವೆ. ಉಳಿದುದಕ್ಕೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ ಇಲ್ಲಿಂದ ಹೊರಡುತ್ತವೆ.

ಕೊನೆಗೆ ಉಳಿದದ್ದು ಒಂದು ಸಣ್ಣ ತೊಡಕು. ಟ್ರಾಟ್ ನಡಿಗೆಯಲ್ಲಿ ಕೊರಳಿನ ಕರಡಿಗೆ ಎದೆಗೆ ಬಡಿಯುತ್ತದೆ, ಶಿವದಾರ ಕುತ್ತಿಗೆಗೆ ಉಜ್ಜುತ್ತದೆ ಎಂದು ಮಗಳು ಎರಡನೆಯ ವಾರವೇ ಹೇಳಿದ್ದಳು. ತೆಗೆದು ಚೀಲದಲ್ಲಿಡುವ ಮಾತನ್ನು ಅವಳು ಆಡಲಿಲ್ಲ, ತಾಯಿಯೂ ಆಡಲಿಲ್ಲ. ಹಳೆಯ ಹತ್ತಿಯ ಸೀರೆಯ ಅಂಚಿನಿಂದ ಎದೆಗೆ ಅಡ್ಡಲಾಗಿ ಬಿಗಿಯುವ ಅಗಲವಾದ ಪಟ್ಟಿಯೊಂದನ್ನು ಶ್ರೀಮತಿಯವರು ಹೊಲಿದು ಕಳಿಸಿದರು. ಅದರ ನಡುವೆ ಕರಡಿಗೆ ಕೂರುವಷ್ಟು ಒಂದು ಜೇಬು. ಅದನ್ನು ಕಟ್ಟಿಕೊಂಡು ಸವಾರಿ ಮಾಡಿ ನೋಡಿ, ಅಲುಗುವುದಿಲ್ಲ ಎಂದು ಮಗಳು ತಿಳಿಸಿದ್ದಾಳೆ. ಹೊರಡುವುದು ಆಗಸ್ಟ್ ಮೊದಲ ವಾರ. ಮೇಲೆ ಹಿಮ ಬಿದ್ದು ಒಂದು ನೆನೆದರೆ ಇರಲಿ ಎಂದು ಮೊನ್ನೆ ಅಂಥದೇ ಇನ್ನೊಂದು ಪಟ್ಟಿ ಹೊಲಿದು ಮುಗಿದಿದೆ.